ಮಜ್ಜಿಗೆ ಅನ್ನದ ಮಾತು

ಅಡುಗೆಯ ಬಗ್ಗೆ ಬರೆಯುವುದಕ್ಕೆ ಬೇರೆ ಪತ್ರಿಕೆಗಳಿವೆ. ಬೆಳ್ಳಿ ಬಟ್ಟಲು, ಗೋಡಂಬಿ, ದ್ರಾಕ್ಷಿ, ದಾಳಿಂಬೆ ಕಾಳು, ಎಲ್ಲದರ ಬಣ್ಣದ ಚಿತ್ರ ಹಾಕಿ ಅವರು ಬರೆಯುತ್ತಾರೆ, ಓದುವವರು ಓದುತ್ತಾರೆ. ಅದಕ್ಕೆ ನಮ್ಮ ತಕರಾರಿಲ್ಲ. ನಮ್ಮ ತಕರಾರು ಇಷ್ಟೇ: ಆ ಪುಟಗಳಲ್ಲಿ ಅಡುಗೆ ಅನ್ನೋದು ಅಕ್ಕಿ, ಉಪ್ಪು, ಬೆಂಕಿಯಿಂದ ಶುರುವಾಗುತ್ತದೆ. ನಮ್ಮ ಕೇರಿಯಲ್ಲಿ ಅದು ಅಲ್ಲಿಂದ ಶುರುವಾಗುವುದಿಲ್ಲ. ಅಕ್ಕಿ ಯಾರ ಗದ್ದೆಯದು, ಮಜ್ಜಿಗೆ ಯಾರ ಮನೆಯದು, ಅದನ್ನ ಎಷ್ಟು ಎತ್ತರದಿಂದ ಹುಯ್ದರು, ಮಡಕೆಯನ್ನ ಯಾರು ಮುಟ್ಟಿದರು, ಅಲ್ಲಿಂದ ಶುರುವಾಗುತ್ತದೆ. ಒಲೆ ಹಚ್ಚೋದು ಆಮೇಲೆ.

ಮಜ್ಜಿಗೆ ಅನ್ನಕ್ಕಿಂತ ಸುಲಭವಾದ ಅಡುಗೆ ಇನ್ನೊಂದಿಲ್ಲ. ಒಂದೇ ಮಡಕೆ ಸಾಕು. ಕೂಲಿಯಿಂದ ಬಂದ ಹೆಂಗಸು ಮುಕ್ಕಾಲು ಗಂಟೆಯಲ್ಲಿ ಮಾಡಿ ಮಕ್ಕಳಿಗೆ ಉಣ್ಣಿಸಬಹುದು. ಆದರೆ ಇದೇ ಪದಾರ್ಥಕ್ಕೆ ಎಷ್ಟು ಹೆಸರು ನೋಡಿ. ದೇವಸ್ಥಾನದಲ್ಲಿ ಇದು ದಧ್ಯೋದನ. ಮೈಸೂರಿನ ದೊಡ್ಡ ಮದುವೆಗಳಲ್ಲಿ ಹಾಲು, ಬೆಣ್ಣೆ ಹಾಕಿ ಕಲಸಿದರೆ ಬಕಾಳಾಬಾತ್. ಹೋಟೆಲಿನ ಬೋರ್ಡಿನಲ್ಲಿ ಮೊಸರನ್ನ. ರೈತರ ಮನೆಯಲ್ಲಿ ಮಜ್ಜಿಗೆ ಅನ್ನ. ಅಲ್ಲಿಗೆ ನಾಲ್ಕಾಯಿತು. ನಾಲ್ಕು ವರ್ಣಕ್ಕೆ ನಾಲ್ಕು ಹೆಸರು. ಐದನೆಯವರಾದ ನಮಗೆ ಉಳಿದದ್ದು ನೀರ್ಮಜ್ಜಿಗೆ ಅನ್ನ. ಮೇಲಿಂದ ಕೆಳಕ್ಕೆ ಬರ್ತಾ ಬರ್ತಾ ಕೆನೆ ಕರಗಿ ನೀರು ಹೆಚ್ಚಾಗಿದೆ. ಇದು ಅಡುಗೆ ಪುಸ್ತಕದ ವಿಷಯ ಅಲ್ಲ. ಸಮಾಜದ ವಿಷಯ.

ತಾಂಡ್ಯ ಅಂದರೆ ಇವತ್ತು ಹೊರಗಿನವರಿಗೆ ನಂಜನಗೂಡಿನ ಕಡೆಯ ಕೈಗಾರಿಕಾ ಪ್ರದೇಶ ನೆನಪಿಗೆ ಬರುತ್ತದೆ. ಗೇಟು, ಸೈರನ್ನು, ಗುತ್ತಿಗೆ ಕಾರ್ಮಿಕರನ್ನ ತುಂಬಿಕೊಂಡು ಬರೋ ವ್ಯಾನು. ನಮಗೆ ಅದು ಮೊದಲು ಊರಿನ ಹೆಸರು, ಆಮೇಲೆ ಕಾರ್ಖಾನೆಯ ವಿಳಾಸ. ನಂಜನಗೂಡು, ತಿರುಮಕೂಡಲು ನರಸೀಪುರ, ಈ ಎರಡು ತಾಲ್ಲೂಕಿನಲ್ಲಿ ಹೆಣ್ಣು ಕೊಟ್ಟು ತಂದು, ಕೂಲಿಗೆ ಓಡಾಡಿ ಬೆಳೆದ ಜನ ನಾವು. ಕಪಿಲೆ ನಂಜನಗೂಡನ್ನ ಹಾದು ಹೋಗಿ ತಿರುಮಕೂಡಲಲ್ಲಿ ಕಾವೇರಿಯನ್ನ ಸೇರುತ್ತಾಳೆ. ನೀರಿಗೆ ಬರವಿಲ್ಲದ ಸೀಮೆ ಅಂತ ಹೊರಗಿನವರು ಹೊಟ್ಟೆಕಿಚ್ಚು ಪಡ್ತಾರೆ. ಹುಲ್ಲಹಳ್ಳಿ ನಾಲೆ, ರಾಂಪುರ ನಾಲೆ, ತಲಕಾಡಿನ ಕಡೆ ಮಾಧವಮಂತ್ರಿ ನಾಲೆ, ಎಲ್ಲ ಹಳೇ ಕಾಲದವು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದ ಮೇಲೆ ಇನ್ನಷ್ಟು ಭೂಮಿಗೆ ನೀರು ಹರಿಯಿತು. ಕಣ್ಣು ಹಾಯಿಸಿದ ಕಡೆ ಭತ್ತ.

ಆದರೆ ಭತ್ತ ನೆಟ್ಟ ಕೈಗೆ ಅನ್ನ ಇರಲಿಲ್ಲ. ಕೆಸರಲ್ಲಿ ನಿಂತು ನಾಟಿ ಹಾಕಿದವರು ನಮ್ಮ ಅವ್ವಂದಿರು. ಕಳೆ ಕಿತ್ತವರು, ಕುಯ್ದವರು, ಹೊರೆ ಹೊತ್ತವರು, ಬಡಿದವರು, ತೂರಿದವರು, ಮೂಟೆ ಕಟ್ಟಿ ಒಡೆಯನ ಅಟ್ಟಕ್ಕೆ ಏರಿಸಿದವರು ನಮ್ಮ ಅಪ್ಪಂದಿರು. ಸಂಜೆ ಮನೆಗೆ ಬಂದು ಉಂಡದ್ದು ರಾಗಿ ಹಿಟ್ಟು, ಸೊಪ್ಪಿನ ಸಾರು. ಅನ್ನ ಅಂದರೆ ಯುಗಾದಿ, ಮಾರಿಹಬ್ಬ, ಮದುವೆ. ಇಲ್ಲದಿದ್ದರೆ ಕಾಯಿಲೆ. "ಅವರಟ್ಟೀಲಿ ಅನ್ನ ಬೇಯ್ತಾ ಅದ ಅಂದ್ರ ಹಬ್ಬ ಅದ, ಇಲ್ಲ ಯಾರೋ ಮಲಗವ್ರ" ಅಂತ ಮುದುಕರು ಹೇಳೋರು. ಅಪರೂಪಕ್ಕೆ ಅಕ್ಕಿ ಅಂತ ಸಿಕ್ಕಿದರೂ ಅದು ನುಚ್ಚು. ಇಡೀ ಅಕ್ಕಿ ಮೂಟೆಯಲ್ಲಿ ಪೇಟೆಗೆ ಹೋಗುತ್ತಿತ್ತು, ಮುರಿದದ್ದು ನಮ್ಮ ಮೊರಕ್ಕೆ ಬೀಳುತ್ತಿತ್ತು.

ಮಜ್ಜಿಗೆಯ ಕತೆ ಇನ್ನೊಂದು ಬಗೆ. ಮಜ್ಜಿಗೆ ಮಾರಬಾರದು, ಕೇಳಿದವರಿಗೆ ಇಲ್ಲ ಅನ್ನಬಾರದು ಅನ್ನೋದು ಹಳ್ಳಿಯ ನೀತಿ. ಕೇಳೋದಕ್ಕೆ ಬಹಳ ಚೆನ್ನಾಗಿದೆ. ಬೆಣ್ಣೆಯನ್ನ ಒಳಗಿಟ್ಟುಕೊಂಡು ನೀರನ್ನ ಧರ್ಮ ಮಾಡೋ ನೀತಿ ಅದು. ಎಪ್ಪತ್ತರ ದಶಕದಲ್ಲಿ ಮಕ್ಕಳಾಗಿದ್ದ ನಮಗೆ ಆ ಧರ್ಮದ ವಿಧಿ ವಿಧಾನ ಮಗ್ಗಿಗಿಂತ ಮೊದಲು ಬಾಯಿಪಾಠವಾಗಿತ್ತು. ಮೊಸರು ಕಡೆಯೋ ಸದ್ದು ನಿಂತ ಮೇಲೆ ಹೋಗಬೇಕು. ಜಗುಲಿ ಹತ್ತಬಾರದು. ಬೀದಿಯಲ್ಲೇ ನಿಂತು "ಅವ್ವಾ, ಒಸಿ ಮಜ್ಗ ಹುಯ್ಯಿ ತಾಯಿ" ಅನ್ನಬೇಕು. ಚೊಂಬನ್ನ ನೆಲದ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿಯಬೇಕು. ಅವರು ಮೇಲಿಂದ ಹುಯ್ಯುತ್ತಾರೆ. ಅವರ ಪಾತ್ರೆ ನಮ್ಮ ಚೊಂಬಿಗೆ ತಗಲಬಾರದು. ಅಷ್ಟು ಎತ್ತರದಿಂದ ಹುಯ್ದರೆ ಅರ್ಧ ಮಣ್ಣಿಗೆ ಚೆಲ್ಲುತ್ತದೆ. ಚೆಲ್ಲಿದ್ದನ್ನ ನಾಯಿ ಬಂದು ನೆಕ್ಕುತ್ತದೆ. ಆ ನಾಯಿ ಜಗುಲಿ ಹತ್ತಬಹುದು.

ಅದೇ ಮನೆಯ ಕೊಟ್ಟಿಗೆಯ ಸಗಣಿ ಬಾಚಿದವರು ನಾವು. ಹುಲ್ಲು ಕುಯ್ದು ತಂದವರು ನಾವು. ಹಸುವಿನ ಮೈ ತೊಳೆದವರು ನಾವು, ಸತ್ತಾಗ ಹೊತ್ತವರೂ ನಾವು. ಸಗಣಿ ಮುಟ್ಟಬಹುದು, ಹುಲ್ಲು ಮುಟ್ಟಬಹುದು, ಬದುಕಿದ ಹಸುವನ್ನ ಮುಟ್ಟಬಹುದು, ಸತ್ತ ಹಸುವನ್ನ ಮುಟ್ಟಲೇಬೇಕು. ಹಾಲು ಮಾತ್ರ ಮುಟ್ಟಬಾರದು. ಇದು ಯಾವ ಶಾಸ್ತ್ರದ ತರ್ಕ ಅಂತ ನಮಗೆ ಇವತ್ತಿಗೂ ಅರ್ಥವಾಗಿಲ್ಲ. ಅರ್ಥ ಆಗಬೇಕಾದ ಅಗತ್ಯವೂ ಇಲ್ಲ. ಅದನ್ನ ಮುರಿಯಬೇಕಾಗಿದೆ, ಅಷ್ಟೇ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಗೆ ಇಳಿದು ನೀರು ಕುಡಿದದ್ದು ನಮಗೆಲ್ಲ ಗೊತ್ತು. ಆಮೇಲೆ ಏನಾಯಿತು ಅನ್ನೋದನ್ನ ಕೆಲವರು ಮರೆಯುತ್ತಾರೆ. ಸವರ್ಣೀಯರು ಕೆರೆಯನ್ನ ಶುದ್ಧ ಮಾಡಿದರು. ಹಾಲು, ಮೊಸರು, ಸಗಣಿ, ಗಂಜಲ ತುಂಬಿದ ಮಡಕೆಗಳನ್ನ ತಂದು ಕೆರೆಗೆ ಸುರಿದರು, ಮಂತ್ರ ಹೇಳಿದರು. ಯೋಚಿಸಿ ಗೆಳೆಯರೇ. ಕೂಸುಗಳ ಬಾಯಿಗೆ ಬೀಳದ ಮೊಸರು ಕೆರೆಗೆ ಬಿತ್ತು. ನಮಗೆ ಉಣ್ಣಲು ಇಲ್ಲದ ಮೊಸರು ನಮ್ಮ ಮೈಲಿಗೆ ತೊಳೆಯಲು ಇತ್ತು. ಮನುಷ್ಯ ಮುಟ್ಟಿದ ನೀರು ಕೆಟ್ಟಿತು, ಗಂಜಲ ಬಿದ್ದ ನೀರು ಶುದ್ಧವಾಯಿತು. ಇದನ್ನ ನೆನಪಿಟ್ಟುಕೊಂಡರೆ ಮಜ್ಜಿಗೆ ಅನ್ನದ ಬಗ್ಗೆ ಈ ಪತ್ರಿಕೆಯಲ್ಲಿ ಏಕೆ ಬರೆಯಬೇಕು ಅನ್ನೋ ಪ್ರಶ್ನೆ ಏಳುವುದಿಲ್ಲ.

ಮಜ್ಜಿಗೆ ಸಿಕ್ಕದ ದಿನ ನಮ್ಮ ಅವ್ವಂದಿರು ಕೈಕಟ್ಟಿ ಕೂರಲಿಲ್ಲ. ಅವರಿಗೆ ಹುಳಿ ಹುಟ್ಟಿಸೋದು ಗೊತ್ತಿತ್ತು. ರಾತ್ರಿ ಉಳಿದ ಅನ್ನಕ್ಕೆ ನೀರು ಹುಯ್ದು ಮಡಕೆಯಲ್ಲಿ ಮುಚ್ಚಿಟ್ಟರೆ ಬೆಳಗಾಗೋದರೊಳಗೆ ತಂಗಳಿಗೆ ಸಣ್ಣ ಹುಳಿ ಬಂದಿರುತ್ತದೆ. ಹಾಲನ್ನ ಮೊಸರು ಮಾಡೋದು ಲ್ಯಾಕ್ಟಿಕ್ ಆಮ್ಲ ಹುಟ್ಟಿಸೋ ಸೂಕ್ಷ್ಮಜೀವಿಗಳು ಅಂತ ವಿಜ್ಞಾನದ ಮೇಷ್ಟರು ಪಾಠ ಮಾಡ್ತಾರಲ್ಲ, ತಂಗಳನ್ನ ಹುಳಿ ಮಾಡೋದೂ ಅವುಗಳ ದಾಯಾದಿಗಳೇ. ಒಡೆಯನ ಗಡಿಗೆಯಲ್ಲಿ ಒಂದು ಕೆಲಸ, ಹೊಲೆಯನ ಮಡಕೆಯಲ್ಲಿ ಇನ್ನೊಂದು ಕೆಲಸ ಅಂತ ಅವು ಭೇದ ಮಾಡುವುದಿಲ್ಲ. ಇನ್ನೊಂದು ದಾರಿಯೂ ಇತ್ತು. ಹುಚ್ಚೆಳ್ಳು ಹುರಿದು ನುಣ್ಣಗೆ ಅರೆದು, ಹುಣಸೆ ರಸಕ್ಕೆ ಉಪ್ಪು ಖಾರದ ಜೊತೆ ಕಲಸಿದರೆ ಅದು ಕೆನೆಯ ಹಾಗೆ ಮಂದವಾಗುತ್ತದೆ. ಒಂದು ತೊಟ್ಟು ಹಾಲಿಲ್ಲದೆ ಕೆನೆ! ಬೆಂದ ನುಚ್ಚಿಗೆ ಅದನ್ನ ಹುಯ್ದು ತಿರುವಿ ಉಂಡು ಬೆಳೆದವರು ನಾವು. ಇದನ್ನ ಬಡತನದ ಅಡುಗೆ ಅಂತ ಕರೆದು ಯಾರೂ ಕನಿಕರ ಪಡಬೇಕಾಗಿಲ್ಲ. ಇದು ಬುದ್ಧಿಯ ಅಡುಗೆ. ಬೇಡುವುದನ್ನ ತಪ್ಪಿಸಿಕೊಳ್ಳಲು ಹೆಂಗಸರು ಕಂಡುಕೊಂಡ ದಾರಿ.

ಆಮೇಲೆ ಡೈರಿ ಬಂತು. 1974ರಲ್ಲಿ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮ ಶುರುವಾಯಿತು, 1984ರಲ್ಲಿ ಅದರ ಜಾಗದಲ್ಲಿ ಕರ್ನಾಟಕ ಹಾಲು ಮಹಾಮಂಡಳ ಬಂತು. ಹಳ್ಳಿ ಹಳ್ಳಿಯಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘ. ಕೇರಿಯವರೂ ಸಾಲ ಮಾಡಿ ಹಸು ಎಮ್ಮೆ ಕಟ್ಟಿದೆವು. ಮೊದಮೊದಲು ನಮ್ಮ ಹಾಲನ್ನ ಅದೇ ಕ್ಯಾನಿಗೆ ಹುಯ್ಯೋದಕ್ಕೆ ಗೊಣಗಾಟ ಆಗದೆ ಇರಲಿಲ್ಲ. "ಅವರ್ದ ಕಡೀಗೆ ಅಳೀರಿ" ಅಂದವರಿದ್ದರು. ಆದರೆ ಲ್ಯಾಕ್ಟೋಮೀಟರು ಹಾಲಿನಲ್ಲಿ ನೀರೆಷ್ಟು ಅಂತ ಹೇಳುತ್ತದೆ, ಕೊಬ್ಬಿನ ಲೆಕ್ಕ ಬೇರೆ ಹೇಳುತ್ತಾರೆ, ಜಾತಿಯನ್ನ ಅಳೆಯೋ ಕಡ್ಡಿಯನ್ನ ಯಾವ ಕಂಪನಿಯೂ ಇನ್ನೂ ಮಾಡಿಲ್ಲ. ಕೊನೆಗೆ ಎಲ್ಲರ ಹಾಲೂ ಒಂದೇ ಕ್ಯಾನಿನಲ್ಲಿ ಬಿದ್ದು, ಒಂದೇ ಲಾರಿ ಹತ್ತಿ ಮೈಸೂರಿಗೆ ಹೋಯಿತು. ನಂದಿನಿ ಪೊಟ್ಟಣದಲ್ಲಿ ಮೊಸರಾಗಿ ತಿರುಗಿ ಅದೇ ಊರಿನ ಅಂಗಡಿಗೆ ಬಂತು. ಇವತ್ತು ನಮ್ಮ ಮಡಕೆಯ ಮಜ್ಜಿಗೆ ಕುಡಿಯದ ಮನೆಯವರು ನಮ್ಮ ಎಮ್ಮೆಯ ಹಾಲಿನ ಮೊಸರನ್ನ ದುಡ್ಡು ಕೊಟ್ಟು ಉಣ್ಣುತ್ತಾರೆ. ಮಡಿ ಎಲ್ಲಿ ಹೋಯಿತು? ಪ್ಲಾಸ್ಟಿಕ್ಕಿನ ಹೊಟ್ಟೆಯಲ್ಲಿ ಅಡಗಿ ಕೂತಿದೆ.

1973ರಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ಊರೆಲ್ಲ ಬೆಂಕಿ ಬಿತ್ತು, ದಲಿತ ಹುಡುಗರು ಹೊಡೆಸಿಕೊಂಡರು. ನಮ್ಮ ಕೇರಿಯ ಒಬ್ಬ ಮುದುಕಿ ಹೇಳುತ್ತಿದ್ದ ಮಾತು ಇದು: "ಬೂಸ ತಿಂದ ಎಮ್ಮೆ ಹಾಲಾದ್ರೂ ಕೊಡ್ತದ, ಇವ್ರು ಇಷ್ಟೊಂದು ಓದ್ಕಂಡು ಏನ್ ಕೊಟ್ರು?" ಪಂಡಿತರು ಇನ್ನೂ ಉತ್ತರ ಕೊಟ್ಟಿಲ್ಲ.

ಈಗ ಅಡುಗೆಗೆ ಬರೋಣ. ಹಾಸ್ಟೆಲಿನ ಹುಡುಗರು, ಬಾಡಿಗೆ ರೂಮಿನಲ್ಲಿ ಒಂದೇ ಸ್ಟೌವ್ ಇಟ್ಟುಕೊಂಡ ಮೇಷ್ಟರು, ಗಾರ್ಮೆಂಟ್ಸಿಗೆ ಹೋಗೋ ಹೆಣ್ಣುಮಕ್ಕಳು, ಎಲ್ಲರಿಗೂ ಆಗುತ್ತದೆ.

ಮೂರು ಜನಕ್ಕೆ ಒಂದು ಪಾವು ಅಕ್ಕಿ. ನುಚ್ಚಾದರೆ ಇನ್ನೂ ಒಳ್ಳೆಯದು, ಬೇಗ ಕರಗುತ್ತದೆ. ರೇಷನ್ ಅಕ್ಕಿಯಾದರೆ ಕಲ್ಲು ಆರಿಸಿ, ಎರಡು ಮೂರು ನೀರಿನಲ್ಲಿ ತೊಳೆದು ಅರ್ಧ ಗಂಟೆ ನೆನೆಹಾಕಿ. ಮಡಕೆಗೆ ಒಂದು ಚಮಚ ಎಣ್ಣೆ, ಸಾಸಿವೆ, ಜಜ್ಜಿದ ಬೆಳ್ಳುಳ್ಳಿ ನಾಲ್ಕೈದು ಎಸಳು, ಹಸಿಮೆಣಸಿನಕಾಯಿ ಎರಡು, ಕರಿಬೇವು. ಒಗ್ಗರಣೆ ಮೊದಲೇ ಹಾಕೋದರಿಂದ ಇನ್ನೊಂದು ಬಾಣಲೆ ಬೇಡ. ಸಾಸಿವೆ ಸಿಡಿದ ಮೇಲೆ ಐದು ಪಾವು ನೀರು ಹುಯ್ದು, ಕುದಿ ಬಂದಾಗ ಅಕ್ಕಿ ಹಾಕಿ, ಸಣ್ಣ ಉರಿಯಲ್ಲಿ ಬೇಯಿಸಿ. ಅನ್ನ ಉದುರು ಉದುರಾಗಿ ಇರಬಾರದು. ಗಂಜಿ ಬಸಿಯಬಾರದು. ಅಕ್ಕಿಯ ಪಿಷ್ಟ ಆ ನೀರಿನಲ್ಲೇ ಕರಗಿ ಮಂದವಾಗಬೇಕು. ಮಜ್ಜಿಗೆ ಅನ್ನದ ಕೆನೆ ಅರ್ಧ ಬರೋದು ಹಾಲಿನಿಂದಲ್ಲ, ಆ ಗಂಜಿಯಿಂದ. ಬೆಂದ ಮೇಲೆ ಸೌಟಿನ ಬೆನ್ನಿನಿಂದ ಮೆದೆಯಿರಿ.

ಇಲ್ಲಿ ಒಂದು ಎಚ್ಚರ. ಕುದಿಯೋ ಅನ್ನಕ್ಕೆ ಮೊಸರು ಸುರಿದರೆ ಅದು ಒಡೆಯುತ್ತದೆ. ಹಾಲಿನ ಪ್ರೋಟೀನು ಬಿಸಿಗೆ ಗಂಟು ಗಂಟಾಗಿ ನೀರು ಬೇರೆಯಾಗುತ್ತದೆ. ಬೆರಳು ಇಟ್ಟರೆ ತಾಳುವಷ್ಟು ಆರಬೇಕು. ಆಮೇಲೆ ಎರಡು ಪಾವು ಗಟ್ಟಿ ಮಜ್ಜಿಗೆಯನ್ನ ಸ್ವಲ್ಪ ಸ್ವಲ್ಪವಾಗಿ ಹುಯ್ದು ತಿರುವಿ, ಉಪ್ಪು ಹಾಕಿ. ಮಳೆಗಾಲದಲ್ಲಿ ಬಿಸಿಯಾಗಿಯೇ ಬೇಕು ಅಂದರೆ ಒಂದು ಚಮಚ ಕಡಲೆ ಹಿಟ್ಟನ್ನ ಮಜ್ಜಿಗೆಗೆ ಗಂಟಿಲ್ಲದೆ ಕಲಸಿಕೊಂಡು ಸಣ್ಣ ಉರಿಯಲ್ಲಿ ಸೇರಿಸಿ. ಹಿಟ್ಟು ಅದನ್ನ ಒಡೆಯದ ಹಾಗೆ ಹಿಡಿದುಕೊಳ್ಳುತ್ತದೆ. ಮಜ್ಜಿಗೆ ಹುಳಿಗೆ ಕಡಲೆ ಅರೆದು ಹಾಕೋದು ಇದಕ್ಕೇ. ಪಕ್ಕಕ್ಕೆ ಈರುಳ್ಳಿ, ಇಲ್ಲ ಹುಚ್ಚೆಳ್ಳು ಪುಡಿ. ಒಣಮೀನು ಸುಟ್ಟು ನೆಂಚಿಕೊಂಡರೆ ಮೇಲಾದ ಊಟ ಇನ್ನೊಂದಿಲ್ಲ. ಮೊಸರಿಗೆ ಮೀನು ಆಗದು ಅನ್ನೋ ಪಥ್ಯ ಹೇಳಿದವರು ನಮ್ಮ ಹಸಿವನ್ನ ನೋಡಿದವರಲ್ಲ.

ಕಾರ್ಖಾನೆಗೆ ಬುತ್ತಿ ಒಯ್ಯೋರಿಗೆ ಇನ್ನೊಂದು ಉಪಾಯ. ಬೆಳಗಿನ ಪಾಳಿಗೆ ಹೋಗೋರು ನಸುಕಿನಲ್ಲೇ ಡಬ್ಬಿ ಕಟ್ಟಬೇಕು. ಆಗಲೇ ಪೂರಾ ಮೊಸರು ಕಲಸಿದರೆ ಮಧ್ಯಾಹ್ನದ ಹೊತ್ತಿಗೆ ಹುಳಿ ಹಲ್ಲು ಜುಮ್ಮೆನಿಸುತ್ತದೆ. ಉಗುರು ಬೆಚ್ಚಗಿನ ಅನ್ನಕ್ಕೆ ಕಾಸಿ ಆರಿಸಿದ ಹಾಲು ಹುಯ್ದು, ಎರಡೇ ಚಮಚ ಮೊಸರು ಹಾಕಿ ಮುಚ್ಚಿ. ಡಬ್ಬಿಯೊಳಗೇ ಹಾಲು ಹೆಪ್ಪಾಗಿ ಊಟದ ಗಂಟೆ ಹೊಡೆಯೋ ಹೊತ್ತಿಗೆ ಹದವಾಗಿರುತ್ತದೆ. ನಮ್ಮ ಹುಡುಗರು ಶೆಡ್ಡಿನ ನೆರಳಿನಲ್ಲಿ ಕೂತು ಡಬ್ಬಿ ಬಿಚ್ಚಿದಾಗ ಜೊತೆಯವರು ಕೈ ಹಾಕಿ ಉಣ್ಣುತ್ತಾರೆ. ಬಿಹಾರದವನು, ಒಡಿಶಾದವನು, ಊರ ಗೌಡನ ಮಗ, ಎಲ್ಲರೂ ಗುತ್ತಿಗೆಯವರೇ. ಗೇಟಿನ ಒಳಗೆ ಒಂದೇ ಡಬ್ಬಿ. ಸಂಜೆ ಊರಿಗೆ ಬಂದ ಮೇಲೆ ಅದೇ ಗೌಡನ ಮಗ ನಮ್ಮ ಬೀದಿಯಲ್ಲಿ ನೀರು ಕೇಳುವುದಿಲ್ಲ. ಕಾರ್ಖಾನೆ ಬಂದರೆ ಜಾತಿ ಹೋಗುತ್ತದೆ ಅಂತ ಭಾಷಣ ಮಾಡೋರು ಇದನ್ನ ಗಮನಿಸಬೇಕು. ಅದು ಎಂಟು ಗಂಟೆ ಮಾತ್ರ ಹೋಗುತ್ತದೆ.

2013ರ ಜುಲೈನಲ್ಲಿ ಅನ್ನಭಾಗ್ಯ ಬಂತು. ಮೊದಲು ಕೆ.ಜಿ.ಗೆ ಒಂದು ರೂಪಾಯಿ, ಆಮೇಲೆ ಉಚಿತ. ಅಕ್ಕಿ ಹಬ್ಬದ ಪದಾರ್ಥವಾಗಿ ಉಳಿಯಲಿಲ್ಲ. ಆಗ ಜಗುಲಿಗಳಲ್ಲಿ ಒಂದು ಮಾತು ಹುಟ್ಟಿತು: "ಅಕ್ಕಿ ಕೊಟ್ಟು ಸೋಮಾರಿ ಮಾಡುದ್ರು, ಕೂಲಿಗೇ ಬರಲ್ಲ." ಕೂಲಿಗೆ ಬರೋದಿಲ್ಲ ಅಂತಲ್ಲ. ಹೇಳಿದ ಕೂಲಿಗೆ ಬರೋದಿಲ್ಲ. ಮನೆಯಲ್ಲಿ ಒಂದು ತಿಂಗಳ ಅಕ್ಕಿ ಇದ್ದವನು ಒಡೆಯನ ಮುಖ ನೋಡಿ ಮಾತಾಡ್ತಾನೆ. ಅದೇ ಅವರಿಗೆ ಅಜೀರ್ಣವಾದದ್ದು.

ಅದೇ ವರ್ಷದ ಆಗಸ್ಟಿನಲ್ಲಿ ಕ್ಷೀರಭಾಗ್ಯ ಬಂದು ಶಾಲೆಯ ಮಕ್ಕಳಿಗೆ ಹಾಲು ಸಿಕ್ಕಿತು. ಅದಕ್ಕೂ ಮೊದಲು, 2001ರ ನವೆಂಬರ್ 28ರಂದು, ಶಾಲೆಗಳಲ್ಲಿ ಬಿಸಿಯೂಟ ಕೊಡಬೇಕು ಅಂತ ಸುಪ್ರೀಂ ಕೋರ್ಟು ಆದೇಶ ಮಾಡಿತ್ತು. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ 2002ರಲ್ಲಿ ಶುರುವಾಯಿತು. 2004ರ ಏಪ್ರಿಲ್ 20ರ ಆದೇಶದಲ್ಲಿ ಅದೇ ಕೋರ್ಟು, ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ವರ್ಗದವರಿಗೆ ಆದ್ಯತೆ ಕೊಡಬೇಕು ಅಂತ ಹೇಳಿತು. ಈ ತಾರೀಕನ್ನ ಹಳ್ಳಿ ಮೇಷ್ಟರು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಏಕೆಂದರೆ ಕಾಗದದ ಮೇಲಿನ ಆದೇಶ ಒಲೆಯ ತನಕ ಬರುವಾಗ ದಾರಿಯಲ್ಲಿ ಸುಸ್ತಾಗುತ್ತದೆ. 2025ರ ಜೂನ್‌ನಲ್ಲಿ ನಮ್ಮ ಪಕ್ಕದ ಚಾಮರಾಜನಗರ ಜಿಲ್ಲೆಯ ಹೊಮ್ಮ ಗ್ರಾಮದ ಸರ್ಕಾರಿ ಶಾಲೆಯಲ್ಲಿ ದಲಿತ ಹೆಣ್ಣುಮಗಳು ಮುಖ್ಯ ಅಡುಗೆಯವರಾದ ಮೇಲೆ ಪೋಷಕರು ಮಕ್ಕಳನ್ನ ಬಿಡಿಸಿಕೊಂಡು ಹೋದರು ಅಂತ ಪತ್ರಿಕೆಗಳು ವರದಿ ಮಾಡಿದವು. ಮಹಾಡಕ್ಕೂ ಹೊಮ್ಮಕ್ಕೂ ನಡುವೆ ತೊಂಬತ್ತೆಂಟು ವರ್ಷ.

ನಂಜನಗೂಡು ತಾಲ್ಲೂಕಿನವರಿಗೆ ಇದು ಹೊಸದಲ್ಲ. 1993ರ ಮಾರ್ಚಿನಲ್ಲಿ, ದೇವಸ್ಥಾನ ಪ್ರವೇಶದ ಜಗಳದ ಬೆನ್ನಿಗೇ ಬದನವಾಳಿನ ಮೂವರು ದಲಿತರ ಕೊಲೆಯಾಯಿತು. ಗುಡಿಯ ಬಾಗಿಲು, ಕೆರೆಯ ಮೆಟ್ಟಿಲು, ಅಡುಗೆಯ ಮಡಕೆ, ಮೂರೂ ಒಂದೇ ಬಾಗಿಲಿನ ಮೂರು ಚಿಲಕ.

ನಮ್ಮ ಕಡೆ ಏಪ್ರಿಲ್ 14ಕ್ಕೆ ಮಜ್ಜಿಗೆ ಅನ್ನ ಮಾಡುತ್ತೇವೆ. ಬಿಸಿಲು ಕಾಲ, ತಂಪು ಊಟ, ಖರ್ಚು ಕಡಿಮೆ. ದೊಡ್ಡ ಕೊಳಗದಲ್ಲಿ ಬೇಯಿಸಿ ಊರಿನ ಎಲ್ಲ ಬೀದಿಗೂ ಹೇಳಿ ಬರುತ್ತೇವೆ. ಮೊದಲ ವರ್ಷಗಳಲ್ಲಿ ಮೇಲಿನ ಬೀದಿಯವರು ಬಂದು ಬಾಬಾಸಾಹೇಬರ ಪಟಕ್ಕೆ ಹೂವು ಹಾಕಿ, ಕೈಮುಗಿದು, ಅಂಗಡಿಯಿಂದ ತಂದ ಪೊಟ್ಟಣದ ಸಿಹಿ ತಗೊಂಡು ಹೋಗುತ್ತಿದ್ದರು. "ಈಗ್ತಾನೆ ಉಂಡ್ ಬಂದೊ" ಅನ್ನೋರು. ಹನ್ನೊಂದು ಗಂಟೆಗೆ ಇಡೀ ಬೀದಿಯೇ ಉಂಡಿರೋದು ಹೇಗೆ? ನಾವು ಸಭೆ ಸೇರಿ ಒಂದು ತೀರ್ಮಾನ ಮಾಡಿದೆವು. ಪೊಟ್ಟಣ ಕೊಡೋದು ನಿಲ್ಲಿಸಿದೆವು. ಇರೋದು ಒಂದೇ ಕೊಳಗ, ಉಣ್ಣೋರು ಉಣ್ಣಬಹುದು. ಆ ವರ್ಷ ಬಂದವರು ಕಡಿಮೆ. ಹೂವಿನ ಹಾರವೂ ಕಡಿಮೆ. ಉಂಡವರು ನಾಲ್ಕೇ ಜನ: ಒಬ್ಬ ಮೇಷ್ಟರು, ಕಾರ್ಖಾನೆಯಲ್ಲಿ ನಮ್ಮ ಹುಡುಗರ ಡಬ್ಬಿಗೆ ಕೈ ಹಾಕುತ್ತಿದ್ದ ಇಬ್ಬರು, ಒಬ್ಬ ಮುದುಕಿ. ಆ ಮುದುಕಿ ತಟ್ಟೆ ಒಡ್ಡಿ, "ನಮ್ಮತ್ತ ನಿಮ್ಗ ಮೇಲಿಂದ ಹುಯ್ಯದ ನಾ ನೋಡಿವ್ನಿ, ಹಾಕು ಮಗ" ಅಂದಳು. ಬಡಿಸುತ್ತಿದ್ದ ನಮ್ಮ ಹೆಣ್ಣುಮಗಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಸೌಟು ತಟ್ಟೆಗೆ ತಾಗುವ ಹಾಗೆ ಬಡಿಸಿದಳು.

ನಾಲ್ಕು ಜನ ಉಂಡರೆ ಕ್ರಾಂತಿಯಾಯಿತು ಅಂತ ನಾವು ಹೇಳುವುದಿಲ್ಲ. ಚಿಕ್ಕಲ್ಲೂರಿನ ಜಾತ್ರೆಯ ಪಂಕ್ತಿಸೇವೆಯಲ್ಲಿ ಮಂಟೇಸ್ವಾಮಿಯ ಒಕ್ಕಲುಗಳು ಜಾತಿ ಕೇಳದೆ ಸಾಲಿನಲ್ಲಿ ಕೂತು ಬಾಡೂಟ ಉಣ್ಣುತ್ತಾರೆ. ನೀಲಗಾರರು ಹಾಡಿಕೊಂಡು ಬಂದ ದಾರಿ ಅದು. ಆದರೆ ಜಾತ್ರೆ ಮುಗಿದ ಮೇಲೆ ಪಂಕ್ತಿ ಊರಿನೊಳಕ್ಕೆ ಬರಬೇಕು. ಜಾತ್ರೆಯಲ್ಲಿ ಒಂದು ದಿನ, ಕಾರ್ಖಾನೆಯಲ್ಲಿ ಎಂಟು ಗಂಟೆ, ಪೊಟ್ಟಣದ ಮೊಸರಿನಲ್ಲಿ ಗೊತ್ತಿಲ್ಲದ ಹಾಗೆ. ಹೀಗೆ ತುಂಡು ತುಂಡಾಗಿ ಹೋಗುವ ಜಾತಿ ತುಂಡು ತುಂಡಾಗಿಯೇ ತಿರುಗಿ ಬರುತ್ತದೆ.

ಆದ್ದರಿಂದ ಗೆಳೆಯರೇ, ಕೆಲಸ ಸಣ್ಣದು, ಆದರೆ ಬಿಡಬೇಡಿ. ನಿಮ್ಮ ಊರಿನ ಶಾಲೆಯ ಒಲೆಯ ಮುಂದೆ ಯಾರಿದ್ದಾರೆ ಅಂತ ನೋಡಿ. ನಮ್ಮ ಹೆಣ್ಣುಮಕ್ಕಳಿಗೆ ಪಾತ್ರೆ ತಿಕ್ಕೋ ಕೆಲಸ ಮಾತ್ರ ಕೊಟ್ಟು, ಸೌಟನ್ನ ಬೇರೆಯವರ ಕೈಗೆ ಕೊಟ್ಟಿದ್ದರೆ ಎಸ್.ಡಿ.ಎಂ.ಸಿ. ಸಭೆಯಲ್ಲಿ ಎದ್ದು ಕೇಳಿ. ಮೇಷ್ಟರು ಮಕ್ಕಳ ಸಾಲಿನಲ್ಲೇ ಕೂತು ಉಣ್ಣಲಿ. ಮೇಷ್ಟರು ಉಂಡದ್ದನ್ನ ನೋಡಿದ ಮಗು ಮನೆಗೆ ಹೋಗಿ ಹೇಳುತ್ತದೆ. ಹಾಸ್ಟೆಲಿನ ಹುಡುಗರು ಅಡುಗೆ ಕಲಿಯಲಿ, ಅದನ್ನ ಅಕ್ಕ ತಂಗಿಯರಿಗೇ ಬಿಟ್ಟು ಸಮಾನತೆಯ ಭಾಷಣ ಮಾಡಬೇಡಿ. ಮುಂದಿನ ಏಪ್ರಿಲ್ 14ಕ್ಕೆ ಪೊಟ್ಟಣ ಬೇಡ. ಐದು ಸೇರು ಅಕ್ಕಿ, ಹತ್ತು ಸೇರು ಮಜ್ಜಿಗೆ, ಒಂದೇ ಕೊಳಗ. ಬಡಿಸೋರು ಕೇರಿಯ ಹೆಂಗಸರು. ಉಂಡವರ ತಲೆ ಎಣಿಸಿ ಬರೆದಿಡಿ. ನಮ್ಮ ಲೆಕ್ಕ ನಾಲ್ಕರಿಂದ ಶುರುವಾಗಿ ಕಳೆದ ವರ್ಷಕ್ಕೆ ಮೂವತ್ತೊಂದಕ್ಕೆ ಬಂದಿದೆ.